ಕೆಳಗುಳಿದವನ ಕರ್ಮ

ಒಬ್ಬ ಮೇಲೇರಿದ ಕಾರಣಕ್ಕೇ ಇನ್ನೊಬ್ಬ ಸತ್ತರೆ ಆ ಸಾವನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ನಮ್ಮಪ್ಪ ಈ ಪ್ರಶ್ನೆ ಎತ್ತಿದ್ದು ಮಠದ ಕಟ್ಟೆಯ ಮೇಲೆ ಕೂತಲ್ಲ. ಜಹೀರಾಬಾದಿನಲ್ಲಿ ನನ್ನ ರೇಡಿಯೊ, ಟಿವಿ ರಿಪೇರಿ ಅಂಗಡಿಯೊಳಗೆ ಕಬ್ಬಿಣದ ಸ್ಟೂಲ್ ಹಾಕಿಕೊಂಡು, ಹುಡುಗರ ಬೆನ್ನ ಹಿಂದಿನಿಂದ ವಿಡಿಯೊ ಗೇಮ್ ನೋಡುತ್ತ ಕೇಳಿದರು. ಅವರು ಜಂಗಮರು. ನಾರಾಯಣಖೇಡದ ಕಡೆಯ ಹಳ್ಳಿಗಳಲ್ಲಿ ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಮುದುಕರನ್ನು ಸಮಾಧಿಗೆ ಇಳಿಸುವವರೆಗೆ ಎಲ್ಲದಕ್ಕೂ ಅವರಿಗೇ ಕರೆ ಬರುತ್ತಿತ್ತು. ಶ್ರಾವಣ ಬಂತೆಂದರೆ ತಿಂಗಳುಪೂರ್ತಿ ಪುರಾಣ. ಜಹೀರಾಬಾದಿಗೆ ಬಂದಾಗ ಬಿಸಿಲು ಇಳಿಯುವ ತನಕ ಅಂಗಡಿಯಲ್ಲಿ ಕೂಡುತ್ತಿದ್ದರು. ಕನ್ನಡದ ಗಿರಾಕಿಗಳು ‘ಶರಣರೀ ಅಯ್ಯನೋರೆ’ ಅನ್ನುತ್ತಿದ್ದರು, ತೆಲುಗಿನವರು ‘ಸ್ವಾಮಿಗಾರು’ ಅನ್ನುತ್ತಿದ್ದರು, ಉರ್ದು ಮಾತಾಡುವವರು ಏನೂ ಅನ್ನದೆ ಚಾ ತರಿಸುತ್ತಿದ್ದರು.

ಅದು 1990ರ ದಶಕದ ನಡುಭಾಗ. ಬರೀ ರಿಪೇರಿಯಿಂದ ಅಂಗಡಿ ಬಾಡಿಗೆ ಹುಟ್ಟುತ್ತಿರಲಿಲ್ಲ. ಹೈದರಾಬಾದಿನ ಕೋಠಿ ಗುಜರಾತಿ ಗಲ್ಲಿಗೆ ಬಿಡಿಭಾಗ ತರಲು ಹೋದವನು ಒಂದು ಟಿವಿ ಗೇಮ್ ಕೂಡ ಹೊತ್ತು ತಂದೆ. ಅಸಲು ಯಂತ್ರವನ್ನು ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಬಿಟ್ಟಿತ್ತು. ಅಲ್ಲಿ ಅದರ ಹೆಸರು ಫ್ಯಾಮಿಲಿ ಕಂಪ್ಯೂಟರ್. ನಮ್ಮ ಕೈಗೆ ಸಿಕ್ಕಿದ್ದು ಅದರ ಅಗ್ಗದ ನಕಲು. ಟಿವಿಯ ಆಂಟೆನಾ ತೂತಿಗೆ ವೈರು ಚುಚ್ಚಿ, ಚಾನೆಲ್ ತಿರುವಿ, ಮಂಜಿನೊಳಗಿಂದ ಚಿತ್ರ ಹಿಡಿಯಬೇಕು. ಕ್ಯಾಸೆಟ್ಟಿನ ಸಂಪರ್ಕ ಕಪ್ಪಾಗಿ ಚಿತ್ರ ಕುಣಿಯತೊಡಗಿದರೆ ಹುಡುಗರು ಅದರ ಬಾಯಿಗೆ ಊದುತ್ತಿದ್ದರು. ಉಗುಳಿನ ತೇವಕ್ಕೆ ಇನ್ನಷ್ಟು ಕಿಲುಬು ಹಿಡಿಯುತ್ತದೆ ಎಂದು ಬೈದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಕೊಡುತ್ತಿದ್ದೆ. ಅರ್ಧ ತಾಸಿಗೆ ಮೂರು ರೂಪಾಯಿ. ಕರೆಂಟು ಹೋದರೆ ಉಳಿದ ಹೊತ್ತು ನಾಳೆಗೆ ಜಮಾ.

ಆ ಕ್ಯಾಸೆಟ್ಟಿನಲ್ಲಿ ಐಸ್ ಕ್ಲೈಂಬರ್ ಎಂಬ ಆಟವಿತ್ತು. 1985ರದು. ಇಬ್ಬರು ಆಡಬಹುದು. ನೀಲಿ ಅಂಗಿಯವನು ಪೋಪೊ, ಗುಲಾಬಿ ಅಂಗಿಯವಳು ನಾನಾ. ಇಬ್ಬರ ಕೈಯಲ್ಲೂ ಒಂದೊಂದು ಕೊಡತಿ. ಏರಬೇಕಾದ ಹಿಮದ ಬೆಟ್ಟಗಳು 32. ತುದಿಯಲ್ಲಿ ದೊಡ್ಡದೊಂದು ಹಕ್ಕಿ; ಅದು ಇವರ ಬದನೆಕಾಯಿ, ಗಜ್ಜರಿಯಂಥ ಕಾಯಿಪಲ್ಲೆಯನ್ನೆಲ್ಲ ಕದ್ದು ಒಯ್ದಿದೆ. ಬೆಟ್ಟವೆಂದರೆ ಒಂದರ ಮೇಲೊಂದು ಇಟ್ಟಿಗೆಯ ಅಂತಸ್ತು. ಕೆಳಗಿನಿಂದ ಜಿಗಿದು ನೆತ್ತಿಯ ಮೇಲಿನ ಇಟ್ಟಿಗೆಯನ್ನು ಕೊಡತಿಯಿಂದ ಒಡೆಯಬೇಕು, ಆದ ಕಿಂಡಿಯಲ್ಲಿ ಮೇಲೆ ತೂರಬೇಕು. ಜಿಗಿತ ನೆಟ್ಟಗೆ ಮೇಲಕ್ಕೆ ಹೋಗುತ್ತದೆಯೇ ಹೊರತು ಪಕ್ಕಕ್ಕೆ ಸರಿಯುವುದು ಕಡಿಮೆ. ಇಟ್ಟಿಗೆಯ ಅಂಚಿಗೆ ಕಾಲು ತಗುಲಿದಂತೆ ಕಂಡರೂ ಜಾರಿ ಕೆಳಗೆ. ಒಡೆದ ಕಿಂಡಿಯನ್ನು ಮುಚ್ಚಲು ಒಂದು ಪ್ರಾಣಿ ಹಿಮದ ತುಂಡು ತಳ್ಳಿಕೊಂಡು ಬರುತ್ತದೆ. ಎಂಟು ಅಂತಸ್ತು ದಾಟಿದರೆ ಬೋನಸ್ ಭಾಗ. ಅಲ್ಲಿ 40 ಸೆಕೆಂಡಿನೊಳಗೆ ಕಾಯಿಪಲ್ಲೆ ಬಾಚಿಕೊಂಡು ತುದಿ ಸೇರಿ ಹಕ್ಕಿಯ ಕಾಲು ಹಿಡಿಯಬೇಕು. ಆಮೇಲೆ ಲೆಕ್ಕದ ಪಟ್ಟಿ ಬರುತ್ತದೆ. ಇಷ್ಟು ಕಾಯಿ, ಇಷ್ಟು ಇಟ್ಟಿಗೆ ಎಂದು ಇಬ್ಬರದೂ ಬೇರೆಬೇರೆ. ಬೆಟ್ಟ ಒಂದು, ಖಾತೆ ಎರಡು.

ಇಷ್ಟೇ ಆಗಿದ್ದರೆ ಅಪ್ಪ ಪೇಪರ್ ಮಡಚಿ ಇಡುತ್ತಿರಲಿಲ್ಲ. ಈ ಆಟಕ್ಕೊಂದು ಕಾಯಿದೆಯಿತ್ತು. ಇಬ್ಬರಲ್ಲಿ ಯಾರು ಮೇಲಿದ್ದಾನೋ ಅವನ ಸಂಗಡ ಪರದೆ ಮೇಲೆ ಸರಿಯುತ್ತದೆ. ಕೆಳಗಿನ ಅಂತಸ್ತು ಟಿವಿಯ ಅಂಚಿನಾಚೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅಲ್ಲಿ ಇನ್ನೊಬ್ಬ ನಿಂತಿದ್ದರೆ ಅವನ ಒಂದು ಜೀವ ಹೋಯಿತು. ಆ ಯಂತ್ರದಲ್ಲಿ ಕೆಲಸಕ್ಕೆಂದು ಇದ್ದ ಮೆಮೊರಿ ಬರೇ 2 ಕಿಲೋಬೈಟ್. ಇಬ್ಬರಿಗೂ ಒಂದೊಂದು ಪರದೆ ಕೊಡುವಷ್ಟು ಶ್ರೀಮಂತಿಕೆ ಅದಕ್ಕೆಲ್ಲಿಂದ? ನಿಂಟೆಂಡೊದವರದೇ 1983ರ ಮಾರಿಯೊ ಬ್ರದರ್ಸ್‌ನಲ್ಲೂ ಅಣ್ಣತಮ್ಮಂದಿರು ಒಟ್ಟಿಗೆ ಆಡುತ್ತಾರೆ, ಆದರೆ ಅಲ್ಲಿ ಪರದೆ ಅಲುಗುವುದಿಲ್ಲ. ಜಗಳ ಆಡಿದರೂ ಇಬ್ಬರೂ ಕಣ್ಣಮುಂದೆ ಇರುತ್ತಾರೆ. ಇಲ್ಲಿ ಹಾಗಲ್ಲ.

ಒಬ್ಬ ದರ್ಜಿಯ ಇಬ್ಬರು ಗಂಡುಮಕ್ಕಳು ಬರುತ್ತಿದ್ದರು. ದೊಡ್ಡವನು ಚುರುಕು. ಪಟಪಟ ನಾಲ್ಕು ಇಟ್ಟಿಗೆ ಒಡೆದು ಮೋಡದ ಮೇಲೆ ಹಾರಿ ನಿಲ್ಲುತ್ತಿದ್ದ. ಚಿಕ್ಕವನು ಇನ್ನೂ ಎರಡನೆಯ ಅಂತಸ್ತಿನಲ್ಲಿ ಕಿಂಡಿಯ ಕೆಳಗೆ ಸರಿಯಾಗಿ ನಿಂತುಕೊಳ್ಳಲು ಹೆಣಗುತ್ತಿದ್ದ.

“ಅಣ್ಣಾ, ನಿಂದ್ರೋ, ನಾ ಇನ್ನಾ ಕೆಳಗ ಅದೀನಿ!”

“ಜಲ್ದಿ ಬಾ ಮತ್ತ.”

ಟುಂಯ್ ಎಂದು ಸಪ್ಪಳ. ಗುಲಾಬಿ ಅಂಗಿ ಪರದೆಯ ಕೆಳಗೆ ಮಾಯ.

ಅಪ್ಪ ನನ್ನ ಕಡೆ ತಿರುಗಿದರು. “ಈ ಕೂಸು ಯಾಕ ಸತ್ತಿತೋ? ಬೀಳಲಿಲ್ಲ, ಯಾರೂ ಹೊಡಿಲಿಲ್ಲ. ಗಟ್ಟಿ ನೆಲದ ಮ್ಯಾಲೇ ನಿಂತಿತ್ತಲ್ಲ?”

“ಹಿಂದ ಉಳಿತು ಅಪ್ಪಾ.”

“ಹಿಂದ ಉಳಿಯೂದು ಪಾಪ ಅಂತ ಯಾವ ಶಾಸ್ತ್ರದಾಗದ?”

ನಾನು ಬೆಸುಗೆಯ ಕಡ್ಡಿ ಬದಿಗಿಟ್ಟೆ. ಪಾಪ ಅಲ್ಲದಿದ್ದರೆ ಶಿಕ್ಷೆ ಯಾಕೆ ಎಂದು ಕೇಳಿದೆ. ಅಪ್ಪ ಮೊದಲು ಕೊಟ್ಟದ್ದು ನಮ್ಮ ಮನೆಮನೆಯಲ್ಲೂ ಕೊಡುವ ಉತ್ತರವೇ. ಅವರವರ ಕರ್ಮ ಅವರವರಿಗೆ. ಹುಡುಗನ ಬೆರಳು ನಿಧಾನ, ಅದು ಅವನು ಪಡೆದುಕೊಂಡು ಬಂದದ್ದು. ಹೀಗೆ ಹೇಳಿದ ಮೇಲೆ ಅವರೇ ಸುಮ್ಮನೆ ಕೂತುಬಿಟ್ಟರು. ತಾವು ಹೇಳಿದ್ದು ತಮಗೇ ರುಚಿಸಲಿಲ್ಲವೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕಾರಣ ಸರಳ. ಆ ಹುಡುಗ ಒಬ್ಬನೇ ಆಡಿದ್ದರೆ ಅದೇ ನಿಧಾನದ ಬೆರಳಿಗೆ ಆ ಜಾಗದಲ್ಲಿ ಸಾವಿರಲಿಲ್ಲ. ಅವನ ಬೆರಳು ಬದಲಾಗಿಲ್ಲ, ನಿಂತ ನೆಲ ಬದಲಾಗಿಲ್ಲ. ಪಕ್ಕದಲ್ಲಿ ಚುರುಕಿನವನೊಬ್ಬ ಸೇರಿಕೊಂಡ, ಅಷ್ಟೆ. ಹಾಗಾದರೆ ಸಾವಿನ ಕಾರಣ ಅವನ ಕರ್ಮದೊಳಗೆ ಎಲ್ಲಿದೆ? ಅಣ್ಣನ ಕರ್ಮದಲ್ಲಿ ಹುಡುಕೋಣವೆಂದರೆ ಅಣ್ಣ ಮಾಡಿದ್ದು ಏರುವುದನ್ನು. ಏರುವುದು ಈ ಆಟದ ಧರ್ಮ.

ಇನ್ನೊಂದು ಸಂಗತಿ ಅಪ್ಪನಿಗೆ ತಿಳಿದಿರಲಿಲ್ಲ, ನಾನು ತೋರಿಸಿದೆ. ಯಂತ್ರಕ್ಕೆ ಎರಡು ರಿಮೋಟು. ನೋಡಲು ಒಂದೇ ಥರ, ಆದರೆ ಮೊದಲನೆಯದರ ನಡುವೆ ಸೆಲೆಕ್ಟ್, ಸ್ಟಾರ್ಟ್ ಎಂಬ ಎರಡು ಗುಂಡಿಗಳಿವೆ. ಎರಡನೆಯದರಲ್ಲಿ ಅವಿಲ್ಲ. ಜಪಾನಿನ ಅಸಲು ಯಂತ್ರದಲ್ಲೂ ಹೀಗೇ. ಆಟ ಶುರುಮಾಡುವುದು, ಯಾವ ಆಟವೆಂದು ಆರಿಸುವುದು, ನಡುವೆ ತಡೆದು ನಿಲ್ಲಿಸುವುದು ಎಲ್ಲವೂ ಒಂದನೆಯವನ ಕೈಯಲ್ಲಿ. ಎರಡನೆಯವನು ಓಡಬಹುದು, ಜಿಗಿಯಬಹುದು, ಒಡೆಯಬಹುದು. ‘ನಿಲ್ಲಿಸು’ ಎಂದು ಬಾಯಲ್ಲಿ ಕೂಗಬಹುದು, ಬೆರಳಲ್ಲಿ ನಿಲ್ಲಿಸಲಾರ. ಅಪ್ಪ ಎರಡೂ ರಿಮೋಟನ್ನು ತೊಡೆಯ ಮೇಲೆ ಜೋಡಿಸಿಕೊಂಡು ಬಹಳ ಹೊತ್ತು ನೋಡಿದರು. ಹಳ್ಳಿಯಲ್ಲಿ ಪಂಚಾಯ್ತಿಗೆ ಕರೆದಾಗ ಎರಡೂ ಕಡೆಯ ಕಾಗದ ನೋಡುವ ಮುಖ ಅದು.

ನಮ್ಮಲ್ಲಿ ಏರುವ ಆಟಕ್ಕೆ ಬರವೇನಿಲ್ಲ. ತೆಲುಗಿನವರ ವೈಕುಂಠಪಾಳಿ, ನಮ್ಮ ಪರಮಪದ ಸೋಪಾನ ಪಟ. ಮುಂದೆ 1890ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ಮಕ್ಕಳ ಹಾವು ಏಣಿ ಆಟವಾದದ್ದು ಇದೇ. ಜೈನರ ಪಟದಲ್ಲಿ 84 ಮನೆ, ವೈಷ್ಣವರದರಲ್ಲಿ 72. ಸೂಫಿಗಳೂ ತಮ್ಮದೊಂದು ಪಟ ಮಾಡಿಕೊಂಡಿದ್ದರು. ಹಾವೆಂದರೆ ದುರ್ಗುಣ, ಏಣಿಯೆಂದರೆ ಸದ್ಗುಣ. ಅವ್ವನ ತವರು ತಾಂಡೂರಿನಲ್ಲಿ ಶಿವರಾತ್ರಿ ಜಾಗರಣೆಗೆ ಅದನ್ನೇ ಹಾಸುತ್ತಿದ್ದರು. ಅಲ್ಲಿ ನಾಲ್ಕು ಕಾಯಿ ಇಟ್ಟು ಆಡಿದರೂ ಒಬ್ಬನ ಏಣಿ ಇನ್ನೊಬ್ಬನಿಗೆ ಹಾವಾಗುವುದಿಲ್ಲ. ನೀನು ವೈಕುಂಠದ ಬಾಗಿಲಲ್ಲಿದ್ದರೂ ನಾನು ಮೊದಲ ಸಾಲಿನಲ್ಲಿ ಸುಖವಾಗಿ ಕೂತಿರುತ್ತೇನೆ. ಪಟ ಹಾಸಿದಲ್ಲೇ ಇರುತ್ತದೆ. ಕರ್ಮಸಿದ್ಧಾಂತದ ಅಚ್ಚುಕಟ್ಟಾದ ನಕ್ಷೆ ಅದು. ಪ್ರತಿಯೊಬ್ಬನಿಗೂ ಅವನದೇ ದಾಳ, ಅವನದೇ ಮನೆ, ಅವನದೇ ಹಾವು. ದೇವರು ಲೆಕ್ಕದಲ್ಲಿ ಎಡವುವಂತೆಯೇ ಇಲ್ಲ.

ಜಪಾನಿನ ಆಟ ಕಟ್ಟಿದವರು ಇಂಥದ್ದನ್ನೆಲ್ಲ ಯೋಚಿಸಿರಲಿಕ್ಕಿಲ್ಲ. ಆದರೂ ಪಟ ಹಾಸಿದಲ್ಲೇ ಇರುತ್ತದೆ ಎಂಬ ನಮ್ಮ ನಂಬಿಕೆಗೆ ಅವರ ಯಂತ್ರ ಸವಾಲು ಹಾಕಿತು. ಪಟವೇ ಸರಿದರೆ? ಊರಲ್ಲಿ ಹತ್ತು ಮನೆಯವರು ಬೋರ್‌ವೆಲ್ ಹಾಕಿಸಿದಾಗ ಹನ್ನೊಂದನೆಯವನ ಬಾವಿ ಬತ್ತುತ್ತದೆ. ಅವನು ಬಾವಿಗೆ ಏನೂ ಮಾಡಿರುವುದಿಲ್ಲ. ಹತ್ತು ಮಂದಿಯೂ ತಮ್ಮ ಹೊಲದಲ್ಲಿ ತಮ್ಮ ದುಡ್ಡಿನಲ್ಲಿ ತೋಡಿಸಿದ್ದಾರೆ, ಕಳ್ಳತನವಿಲ್ಲ. ಆದರೂ ನೀರು ಹೋಯಿತು.

ಪಟ ಸರಿಯುವುದನ್ನು ನಮ್ಮ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ರಾಜ್ಯಗಳ ವಿಂಗಡಣೆಯಲ್ಲಿ ಮೊದಲಿನವೆರಡು ಮೆದಕ್‌ಗೆ, ತಾಂಡೂರು ಹೈದರಾಬಾದ್ ಜಿಲ್ಲೆಗೆ ಹೋದವು. 2016ರಿಂದ ಈಚೆಗೆ ಒಂದು ಕಡೆ ಸಂಗಾರೆಡ್ಡಿ, ಇನ್ನೊಂದು ಕಡೆ ವಿಕಾರಾಬಾದ್. ನಮ್ಮಜ್ಜ ಹೊಸ್ತಿಲು ದಾಟಿರಲಿಲ್ಲ. ನಿಂತಲ್ಲೇ ನಿಂತಿದ್ದ ಮನುಷ್ಯನ ಕಾಗದಪತ್ರ ಉರ್ದುವಿನಿಂದ ತೆಲುಗಿಗೆ ಹೋಯಿತು, ಮನೆಮಾತು ಕನ್ನಡ ಮನೆಯಲ್ಲೇ ಉಳಿಯಿತು. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಎರಡು ಭಾಷೆಯ ಅನ್ನ ಉಂಡವನು ನಾನು, ಅದರ ಲಾಭವನ್ನು ಮುಂದೆ ಹೇಳುತ್ತೇನೆ. ಗೆರೆ ಎಳೆದವರು ಕೆಟ್ಟವರಲ್ಲ, ಗೆರೆಯಾಚೆ ಉಳಿದವರು ತಪ್ಪು ಮಾಡಿದವರಲ್ಲ ಎಂಬುದಷ್ಟೇ ನನ್ನ ಮಾತು. ಕರ್ತೃವಿಲ್ಲದ ಇಂಥ ಪೆಟ್ಟಿಗೆ ಹಣೆಬರಹ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು ಸೋಮಾರಿತನ.

ಅಪ್ಪ ಮುಂದಿನ ಸಲ ಬಂದಾಗ ಝರಾಸಂಗಮದಿಂದ ನೇರ ಬಂದಿದ್ದರು. ಜಹೀರಾಬಾದಿನಿಂದ ದೂರವೇನಲ್ಲ ಅದು. ಕೇತಕಿ ಸಂಗಮೇಶ್ವರನ ಗುಡಿ. ಬೀದರ್, ಕಲಬುರಗಿ ಕಡೆಯವರಿಗೆಲ್ಲ ದಕ್ಷಿಣ ಕಾಶಿ. ಕುಪೇಂದ್ರನೆಂಬ ರಾಜನ ಚರ್ಮರೋಗ ಅಲ್ಲಿನ ಬುಗ್ಗೆಯ ನೀರಿನಿಂದ ವಾಸಿಯಾಯಿತೆಂದು ಸ್ಥಳಪುರಾಣ. ಬೇರೆಲ್ಲೂ ಶಿವನಿಗೆ ಏರಿಸದ ಕೇದಗೆ ಹೂವು ಅಲ್ಲಿ ಅವನಿಗೆ ಸಲ್ಲುತ್ತದೆ.

“ನಿನ್ನ ಟಿವಿ ಆಟಾನ ಬ್ರಹ್ಮ ವಿಷ್ಣು ಮೊದಲೇ ಆಡ್ಯಾರ” ಎಂದರು ಅಪ್ಪ, ಕೂಡುತ್ತಲೇ.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಯಾರು ದೊಡ್ಡವರೆಂದು ಇಬ್ಬರಿಗೂ ಜಗಳ ಬಂತು. ನಡುವೆ ಬೆಂಕಿಯ ಕಂಬವೊಂದು ಎದ್ದು ನಿಂತಿತು. ಬ್ರಹ್ಮ ಹಂಸವಾಗಿ ತುದಿ ಹುಡುಕಲು ಮೇಲೆ ಹೋದ, ವಿಷ್ಣು ಹಂದಿಯಾಗಿ ಬುಡ ಹುಡುಕಲು ಕೆಳಗೆ ಹೋದ. ವಿಷ್ಣು ಬುಡ ಸಿಗಲಿಲ್ಲವೆಂದು ಒಪ್ಪಿಕೊಂಡ. ಬ್ರಹ್ಮನಿಗೆ ಅದು ಆಗಲಿಲ್ಲ. ಮೇಲಿಂದ ಉದುರುತ್ತಿದ್ದ ಕೇದಗೆಯನ್ನು ಹಿಡಿದು, ನಾನು ತುದಿ ಕಂಡೆನೆಂದು ಸಾಕ್ಷಿ ಹೇಳಿಸಿದ. ಶಿವ ಬ್ರಹ್ಮನಿಗೂ ಶಾಪ ಕೊಟ್ಟ, ಹೂವನ್ನೂ ಪೂಜೆಯಿಂದ ಹೊರಗಿಟ್ಟ.

ಸಾಮಾನ್ಯವಾಗಿ ಇದನ್ನು ಸುಳ್ಳು ಹೇಳಬಾರದು ಎಂಬಲ್ಲಿಗೆ ಮುಗಿಸುತ್ತಾರೆ. ಅಪ್ಪ ಹೂವಿನ ಕಡೆಯಿಂದ ನೋಡಿದರು. ಆ ಹೂವು ಯಾವ ಪಂದ್ಯದಲ್ಲೂ ಇರಲಿಲ್ಲ, ತನ್ನಷ್ಟಕ್ಕೆ ಬೀಳುತ್ತಿತ್ತು. ಏರುವವನೊಬ್ಬ ಬೀಳುವವಳನ್ನು ತನ್ನ ಎತ್ತರಕ್ಕೆ ಪುರಾವೆ ಮಾಡಿಕೊಂಡ. ದರ್ಜಿಯ ದೊಡ್ಡ ಮಗನೂ ದಿನಾ ಅದನ್ನೇ ಮಾಡುತ್ತಿದ್ದ. ‘ನೋಡ್ರೀ, ಇವಗ ಬರಂಗೇ ಇಲ್ಲ’ ಎನ್ನುವಾಗ ಅವನು ಹೇಳುತ್ತಿದ್ದದ್ದು ತಮ್ಮನ ವಿಷಯವನ್ನಲ್ಲ, ತನ್ನ ವಿಷಯವನ್ನು. ಕೆಳಗುಳಿದವನಿಲ್ಲದಿದ್ದರೆ ಮೇಲಿರುವವನಿಗೆ ತಾನು ಮೇಲಿದ್ದೇನೆಂದು ತಿಳಿಯುವ ದಾರಿಯೇ ಇಲ್ಲ. ಇನ್ನು ಕಂಬದ ಮಾತು. ಅದಕ್ಕೆ ತುದಿಯಿರಲಿಲ್ಲ. ತುದಿಯಿಲ್ಲದ ಏರಿಕೆಯಲ್ಲಿ ಮುಂದು ಯಾವುದು, ಹಿಂದು ಯಾವುದು? ಆಟದ ಬೆಟ್ಟಕ್ಕೆ ತುದಿಯಿದೆ, ಯಾಕೆಂದರೆ ಯಾರೋ ಅಲ್ಲಿ ಹಕ್ಕಿಯೊಂದನ್ನು ಇಟ್ಟಿದ್ದಾರೆ. ಝರಾಸಂಗಮದ ಶಿವ ಹೂವನ್ನು ಮರಳಿ ಕರೆದುಕೊಂಡದ್ದು ದಯೆಯಿಂದ ಎನ್ನುತ್ತಾರೆ ಭಕ್ತರು. ನನ್ನ ಮಟ್ಟಿಗೆ ಅದು ತೀರ್ಪಿನ ತಿದ್ದುಪಡಿ. ಬಳಸಿಕೊಂಡವನಿಗೂ ಬಳಕೆಯಾದವಳಿಗೂ ಒಂದೇ ಶಿಕ್ಷೆ ಎಂಬುದು ಸರಿಯಾದ ನ್ಯಾಯವಾಗಿರಲಿಲ್ಲ.

ಎರಡು ಭಾಷೆಯ ಲಾಭವೆಂದೆನಲ್ಲ, ಅದು ಇಲ್ಲಿದೆ. ಕನ್ನಡಿಗರ ಮನೆಮಾತಾದ ಕುಮಾರವ್ಯಾಸ ಭಾರತ ಹತ್ತನೆಯದಾದ ಗದಾಪರ್ವಕ್ಕೆ ನಿಲ್ಲುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲಕ್ಕೆ ತಿಮ್ಮಣ್ಣ ಕವಿ ಬರೆದ, ಆದರೆ ಊರ ಗುಡಿಯಲ್ಲಿ ಅದನ್ನು ಓದಿಸಿದವರು ಕಡಿಮೆ. ತೆಲುಗಿನಲ್ಲಿ ತಿಕ್ಕನ ವಿರಾಟಪರ್ವದಿಂದ ಹಿಡಿದು ಕೊನೆಯ ಸ್ವರ್ಗಾರೋಹಣದವರೆಗೆ ಹದಿನೈದು ಪರ್ವಗಳನ್ನು ಪೂರೈಸಿದ. ಅಪ್ಪ ಶಾಲೆಯಲ್ಲಿ ಉರ್ದು ಓದಿದವರು, ಮಠದಲ್ಲಿ ಕನ್ನಡ ಕಲಿತವರು, ತೆಲುಗನ್ನು ಊರೂರು ತಿರುಗಿ ಹತ್ತಿಸಿಕೊಂಡವರು. ಪಾಂಡವರ ಕೊನೆಯ ಏರಿಕೆಯನ್ನು ಅವರು ಓದಿಕೊಂಡದ್ದು ತಿಕ್ಕನನಿಂದ.

ಆ ಏರಿಕೆಯೂ ಹಿಮದ ಬೆಟ್ಟದ್ದೇ. ಐವರು ಅಣ್ಣತಮ್ಮಂದಿರು, ದ್ರೌಪದಿ, ಜತೆಗೊಂದು ನಾಯಿ. ದ್ರೌಪದಿ ಮೊದಲು ಬೀಳುತ್ತಾಳೆ. ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮ. ಧರ್ಮರಾಜ ತಿರುಗಿ ನೋಡುವುದಿಲ್ಲ. ಯಾಕೆ ಬಿದ್ದಳೆಂದು ಭೀಮ ಕೇಳಿದರೆ ಕಾರಣ ಹೇಳುತ್ತ ನಡೆಯುತ್ತಾನೆ. ಆಕೆಗೆ ಅರ್ಜುನನ ಮೇಲೆ ಪಕ್ಷಪಾತ, ಸಹದೇವನಿಗೆ ಜಾಣತನದ ಜಂಬ, ನಕುಲನಿಗೆ ರೂಪದ್ದು, ಅರ್ಜುನನಿಗೆ ಬಿಲ್ಲಿನದು, ನಿನಗೆ ತಿಂಡಿಪೋತತನ ಮತ್ತು ತೋಳ್ಬಲದ ಹಮ್ಮು. ಆಟದ ಕೊನೆಗೆ ಬರುವ ಲೆಕ್ಕದ ಪಟ್ಟಿ ಇದು, ಒಬ್ಬೊಬ್ಬರ ಖಾತೆ ಬೇರೆ. ಧರ್ಮರಾಜ ಹೇಳಿದ್ದರಲ್ಲಿ ಸುಳ್ಳೊಂದೂ ಇಲ್ಲ. ಆದರೂ ಈ ಭಾಗ ಓದುವಾಗ ನನಗೆ ಅವನು ಸೇರುವುದಿಲ್ಲ. ಸಾಯುತ್ತಿರುವ ತಮ್ಮನಿಗೆ ಅವನ ಸಾವಿನ ಕಾರಣ ವಿವರಿಸುವ ಜ್ಞಾನ ಯಾರಿಗೆ ಬೇಕು?

ನಾಯಿಯನ್ನು ಬಿಟ್ಟು ರಥ ಹತ್ತಲಾರೆ ಎಂದು ಅವನು ಹಟ ಹಿಡಿಯುವುದು ಇಷ್ಟಾದ ಮೇಲೆ. ಪುರಾಣ ಹೇಳುವವರು ಇಲ್ಲಿ ಕಣ್ಣೊರೆಸಿಕೊಂಡು ಮಂಗಳ ಹಾಡುತ್ತಾರೆ. ಅಸಲು ತಿರುವಿರುವುದು ಇನ್ನೂ ಮುಂದೆ, ಕೊನೆಯ ಪರ್ವದಲ್ಲಿ. ಸ್ವರ್ಗದಲ್ಲಿ ನೋಡಿದರೆ ದುರ್ಯೋಧನ ಆಸನದ ಮೇಲೆ ಕೂತಿದ್ದಾನೆ. ತಮ್ಮಂದಿರೆಲ್ಲಿ ಎಂದು ಕೇಳಿದರೆ ದೇವದೂತ ಕತ್ತಲು, ದುರ್ನಾತ, ರಕ್ತದ ಕೆಸರಿನ ದಾರಿಯಲ್ಲಿ ಕರೆದೊಯ್ಯುತ್ತಾನೆ. ಇನ್ನು ತಡೆಯಲಾರದೆ ಹಿಂದಿರುಗಬೇಕು, ಅಷ್ಟರಲ್ಲಿ ಸುತ್ತಲಿಂದ ದನಿಗಳು: ಸ್ವಲ್ಪ ಹೊತ್ತು ನಿಲ್ಲು, ನಿನ್ನ ಮೈಮೇಲಿನ ಗಾಳಿ ಬೀಸಿ ನಮ್ಮ ನೋವು ಇಳಿಯುತ್ತಿದೆ. ಯಾರು ನೀವು ಎಂದರೆ ಕರ್ಣ, ಭೀಮ, ಅರ್ಜುನ, ದ್ರೌಪದಿ. ಬೆಟ್ಟದ ಮೇಲೆ ಎಲ್ಲರ ಬೀಳುವಿಕೆಗೂ ಕಾರಣ ಗೊತ್ತಿದ್ದ ಮನುಷ್ಯ ಇಲ್ಲಿ ಒಂದು ಕಾರಣವನ್ನೂ ಹೇಳುವುದಿಲ್ಲ. ದೂತನಿಗೆ ಹೇಳುವುದು ಇಷ್ಟೆ: ನೀನು ಹೋಗು, ನಾನು ಇಲ್ಲೇ ಇರುತ್ತೇನೆ.

ಆಮೇಲೆ ಅದೆಲ್ಲ ಮಾಯೆ, ದ್ರೋಣನಿಗೆ ಮಾಡಿದ ಮೋಸಕ್ಕೆ ನರಕ ತೋರಿಸಿದ್ದು ಎಂದು ಇಂದ್ರ ಸಮಾಧಾನ ಹೇಳುತ್ತಾನೆ. ಆ ವಿವರಣೆ ನನಗೆ ಮುಖ್ಯವಲ್ಲ. ಅದು ಮಾಯೆಯೆಂದು ಗೊತ್ತಿಲ್ಲದೆ ಅವನು ಅಲ್ಲಿ ನಿಂತದ್ದು ಮುಖ್ಯ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ಬಗ್ಗೆ ಹೇಳುವ ಕಥೆಯೂ ಇದೇ ದಾರಿಯದು. ಗುಟ್ಟಾಗಿಡಬೇಕೆಂದು ಗುರು ಕೊಟ್ಟ ಮಂತ್ರವನ್ನು ಅವರು ತಿರುಕ್ಕೋಷ್ಟಿಯೂರಿನ ಗುಡಿಯ ಮೇಲೆ ಹತ್ತಿ ಎಲ್ಲರಿಗೂ ಕೇಳುವಂತೆ ಕೂಗಿದರು. ನರಕಕ್ಕೆ ಹೋಗುತ್ತೀಯೆ ಎಂದಾಗ, ಇಷ್ಟು ಮಂದಿ ಉದ್ಧಾರವಾಗುವುದಾದರೆ ಹೋಗುತ್ತೇನೆ ಎಂದರು. ಅವರು ಹತ್ತಿದ್ದು ಕೆಳಗಿನವರಿಗೆ ಕೇಳಿಸಲೆಂದು.

ಇಷ್ಟಕ್ಕೆ ಮುಗಿಸಿದರೆ ನನ್ನ ಅಂಗಡಿಯ ಹುಡುಗರೇ ಒಪ್ಪುವುದಿಲ್ಲ. ಯಾಕೆಂದರೆ ಆ ಆಟದಲ್ಲಿ ಒಂದು ಬಿಳಿ ಕರಡಿಯಿದೆ. ಕರಿ ಕನ್ನಡಕ ಹಾಕಿಕೊಂಡು ಬರುತ್ತದೆ. ಇಬ್ಬರೂ ಒಂದೇ ಕಡೆ ಬಹಳ ಹೊತ್ತು ತಡೆದರೆ ಬಂದು ಧಪ್ಪನೆ ಕುಣಿಯುತ್ತದೆ; ಕುಣಿದ ಏಟಿಗೆ ಪರದೆ ತಾನಾಗಿ ಮೇಲೆ ಸರಿಯುತ್ತದೆ. ಅಣ್ಣ ಕಾದುಕೊಂಡೇ ನಿಂತರೂ ತಮ್ಮ ಉಳಿಯುತ್ತಾನೆಂಬ ಖಾತರಿಯಿಲ್ಲ, ಇಬ್ಬರೂ ಹೋಗಬಹುದು. ಕರುಣೆಯ ಎಲ್ಲ ಉಪದೇಶಗಳಿಗೂ ಇದೇ ಗಟ್ಟಿ ಆಕ್ಷೇಪ. ಕಾಲ ಕಾಯುವುದಿಲ್ಲ. ನಾನು ಕರಡಿಯನ್ನು ತೋರಿಸಿದಾಗ ಅಪ್ಪ ನಕ್ಕರು. “ಯಮಗ ಕನ್ನಡಕ ಯಾಕಪಾ ಬೇಕು?” ಎಂದು ಕೇಳಿ ಆಮೇಲೆ ಗಂಭೀರರಾದರು.

ಅವರು ಹೇಳಿದ್ದು ಕಲ್ಯಾಣದ ಕಥೆ. ಬಸವಕಲ್ಯಾಣ ನಮಗೆ ದೂರವಲ್ಲ, ಆ ಕಥೆಯೂ ದೂರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಕೆಟ್ಟಾಗ ಶರಣರು ಚನ್ನಬಸವಣ್ಣನ ಮುಂದಾಳುತನದಲ್ಲಿ ಉಳವಿಯತ್ತ ಹೊರಟರು. ಸೈನ್ಯ ಬೆನ್ನು ಹತ್ತಿತ್ತು. ನಿಲ್ಲುವಂತಿಲ್ಲ, ನಿಂತರೆ ಎಲ್ಲರೂ ಸಾಯಬೇಕು. ಓಡುವಂತಿಲ್ಲ, ಓಡಿದರೆ ಮುದುಕರು ಮಕ್ಕಳು ಉಳಿಯುತ್ತಾರೆ. ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ ಕಾದಾಡಿ ಬೆನ್ನು ಕಾದನೆಂದು ನಮ್ಮ ಪರಂಪರೆ ಹೇಳುತ್ತದೆ. ಅವನು ಬಲಹೀನನಾಗಿ ಹಿಂದುಳಿದವನಲ್ಲ. ಎಲ್ಲರಿಗಿಂತ ಗಟ್ಟಿಯಾದವನು ಬೇಕೆಂದೇ ಹಿಂದೆ ನಿಂತ. ನಮ್ಮ ಷಟ್‌ಸ್ಥಲವೂ ಏರಿಕೆಯೇ, ಭಕ್ತನಿಂದ ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಕೊನೆಗೆ ಐಕ್ಯ. ಆದರೆ ಪ್ರತಿ ಸ್ಥಲದೊಳಗೂ ಆರೂ ಸ್ಥಲ ಇವೆಯೆಂದು ಶಾಸ್ತ್ರದವರು 36 ಎಂದು ಎಣಿಸುತ್ತಾರೆ. ಹಾಗೆಂದರೆ ಐಕ್ಯನಾದವನು ಭಕ್ತಸ್ಥಲವನ್ನು ದಾಟಿ ಹೋದವನಲ್ಲ, ಅಲ್ಲೂ ಇರುವವನು. ದಾಟಿ ಬಂದ ಮೆಟ್ಟಿಲು ಅಳಿಸಿಹೋಗುವ ಏರಿಕೆ ನಮ್ಮದಲ್ಲ.

“ಎಲ್ಲರೂ ಕಾಯಬೇಕಂತ ಇಲ್ಲ,” ಎಂದರು ಅಪ್ಪ. “ಬಲ ಇದ್ದವ ಕಡೀಗೆ ಇರಬೇಕು, ಅಷ್ಟ.”

ಅಂದಿನಿಂದ ಅಂಗಡಿಯಲ್ಲಿ ಒಂದು ಕಾಯಿದೆ ಮಾಡಿದೆ. ಜೋಡಿಯಾಗಿ ಬಂದರೆ ಆಟ ಬಲ್ಲವನಿಗೆ ಎರಡನೆಯ ರಿಮೋಟು, ಹೊಸಬನಿಗೆ ಒಂದನೆಯದು. ನಿಲ್ಲಿಸುವ ಗುಂಡಿ ಕಲಿಯುವವನ ಕೈಯಲ್ಲಿರಲಿ. ದರ್ಜಿಯ ದೊಡ್ಡ ಮಗ ಮುಖ ಗಂಟುಹಾಕಿಕೊಂಡ, ಎರಡು ದಿನ ಬರಲಿಲ್ಲ, ಆಮೇಲೆ ಬಂದ. ತಮ್ಮ ಗಡಿಬಿಡಿಯಾದಾಗಲೆಲ್ಲ ಸ್ಟಾರ್ಟ್ ಒತ್ತಿ ಪರದೆ ತಡೆಯುತ್ತಿದ್ದ, ಅಣ್ಣ ‘ಇಲ್ಲಿ ಒಡಿ, ಅಲ್ಲಿ ಹಾರು’ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಅವನು ಕೆಳಗಿನ ಅಂತಸ್ತಿನಲ್ಲಿ ನಿಂತು ತಮ್ಮನನ್ನು ಮೇಲೆ ಹೋಗಗೊಟ್ಟರೆ, ತಾನು ಹಿಂದುಳಿದು ಸಾಯುವ ಮುಂಚೆ ಹಾರಿ ಸೇರಿಕೊಳ್ಳುವಷ್ಟು ಕೈಚಳಕ ಅವನಿಗಿತ್ತು. ಸಣ್ಣವನಿಗೆ ಅದಿರಲಿಲ್ಲ. ಬಲ ಇರುವುದು ಇಂಥದಕ್ಕೆ. ಹುಡುಗರು ಸಂತರಾದರೆಂದು ಹೇಳುವುದಿಲ್ಲ. ಬೇರೆ ಆಟಕ್ಕೆ ಹೋದರೆ ಮತ್ತೆ ಗುದ್ದಾಟ, ತೆಲುಗು, ಉರ್ದು, ಕನ್ನಡ ಮೂರರಲ್ಲೂ ಬೈಗುಳ.

ಕರ್ಮವೆಂಬುದು ಇದೆ ಎಂದೇ ನಾನು ನಂಬುತ್ತೇನೆ. ಜಂಗಮರ ಮನೆಯಲ್ಲಿ ಹುಟ್ಟಿ ನಂಬದೆ ಇರುವುದು ಕಷ್ಟ. ಆದರೆ ನನ್ನ ಏರಿಕೆ ಸರಿಸಿದ ಪರದೆಯೂ ನನ್ನ ಕರ್ಮವೇ. ನಾನು ಯಾರನ್ನೂ ತಳ್ಳಲಿಲ್ಲ ಎಂಬ ಮಾತು ಅರ್ಧ ಲೆಕ್ಕ. ಬೆಟ್ಟದ ಮೇಲಿನ ಧರ್ಮರಾಜ ಅರ್ಧ ಲೆಕ್ಕದವನು, ನರಕದಲ್ಲಿ ನಿಂತವನು ಪೂರ್ತಿ ಲೆಕ್ಕದವನು. ಈ ಶ್ರಾವಣದಲ್ಲಿ ಪುರಾಣ ಹಚ್ಚುವ ಅಯ್ಯನೋರಲ್ಲಿ, ಶಾಸ್ತ್ರಿಗಳಲ್ಲಿ, ಕೇಳಲು ಕೂಡುವ ಹಿರಿಯರಲ್ಲಿ ನನ್ನದೊಂದೇ ಕೋರಿಕೆ. ನಾಯಿಯ ಕಥೆಗೆ ಮಂಗಳ ಹಾಡಬೇಡಿ. ಇನ್ನೊಂದು ದಿನ ಹೆಚ್ಚಿಗೆ ಹಿಡಿದರೂ ಸರಿ, ಕನ್ನಡದಲ್ಲಿ ಪುಸ್ತಕ ಸಿಗದಿದ್ದರೆ ತಿಕ್ಕನನನ್ನು ತರಿಸಿಕೊಂಡಾದರೂ ಸರಿ, ಧರ್ಮರಾಜ ದೂತನನ್ನು ಕಳಿಸಿ ತಾನು ಅಲ್ಲೇ ನಿಂತ ಅಧ್ಯಾಯದವರೆಗೆ ಓದಿಸಿ.